ಕಿಟಕಿಯೊಳಗಿನ ಕಪ್ಪು

ಚಿಕ್ಕಪ್ಪನಿಗೆ ನಮಸ್ಕಾರ.

ಗಿರಣಿಯ ಬೆಂಕಿಯಲ್ಲಿ ಯಾರೂ ಸತ್ತಿಲ್ಲವೆಂದು ಮಾಲೀಕರು ಹೇಳುತ್ತಾರೆ. ಮರುದಿನ ಅವರಿಗಾಗಿ ನೀವು ತೆಗೆದ ಫೋಟೋದಲ್ಲಿ ಕಿಟಕಿಯನ್ನು ಇನ್ನಷ್ಟು ಕಪ್ಪು ಮಾಡಲು ನನಗೆ ಹೇಳಿದಿರಿ. ಸುಳ್ಳಿಗೆ ಬಣ್ಣ ಬಳಿಯುವವಳು ನಾನಲ್ಲ. ನೆರಳನ್ನು ತಿಳಿಗೊಳಿಸಿದೆ. ಒಳಗೆ ಹೆಂಗಸರು ನಿಂತಿದ್ದರು.

“ಅದು ಬರೀ ಮಸಿ ಕಣೇ, ಕಾರ್ಮಿಕ ಸಂಘದ ಕರಪತ್ರ ಓದಿ ಓದಿ ನಿನ್ನ ತಲೆ ಕೆಟ್ಟಿದೆ” ಎಂದು ನಕ್ಕಿರಿ. ನಾವು ಏನೇ ತಿದ್ದಿದರೂ ಕ್ಯಾಮೆರಾ ಸೆರೆಹಿಡಿದ ಮೂಲ ಚಿತ್ರ, ಆ ರಾ ಫೈಲ್, ಬದಲಾಗುವುದಿಲ್ಲವೆಂದು ಕಲಿಸಿದವರು ನೀವೇ. ಆದರೆ ಅದೇ ಫೈಲ್‌ನಲ್ಲಿ ನಿನ್ನೆ ಹಿಂದಿನ ಗೋಡೆಯ ಬಳಿ ಇದ್ದವರು ಇವತ್ತು ಕಿಟಕಿಯ ಸರಳು ಹಿಡಿದಿದ್ದಾರೆ. ಮುಖಗಳು ಕಾಣುತ್ತಿವೆ.

ಬೆಂಕಿ ಬಿದ್ದ ದಿನ ಗಿರಣಿಯ ಕೆಲಸಕ್ಕೆ ಹೋದ ಚಿಕ್ಕಮ್ಮ ಅಲ್ಲಿಂದಲೇ ತವರಿಗೆ ಹೋದರೆಂದು ಇನ್ನು ಯಾರಿಗೂ ಹೇಳಬೇಡಿ. ಫೋಟೋವನ್ನು ಪತ್ರಿಕೆಗೆ ಕಳಿಸುವ ಮೊದಲು ಒಮ್ಮೆ ಸ್ಟುಡಿಯೋಗೆ ಬನ್ನಿ. ಕ್ಯಾಮೆರಾ ಹಿಡಿದಿದ್ದ ನಿಮ್ಮನ್ನೇ ಚಿಕ್ಕಮ್ಮ ಆ ಕಿಟಕಿಯೊಳಗಿಂದ ನೋಡುತ್ತಿದ್ದಾರೆ.

ನಿಮ್ಮ ಅಣ್ಣನ ಮಗಳು