ನಾಡಿದ್ದಿನ ತಾರೀಕು

ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ,

ನಮಸ್ಕಾರ ಹೇಳುವ ಮುಖ ನನಗಿಲ್ಲ. ನಿಮ್ಮನ್ನು ಬಡಿದ ದಿನ ಗೋದಾಮಿನ ಶಟರ್ ಎಳೆದವಳು ನಾನೇ.

ಅವಧಿ ಮುಗಿದ ಹಾಲಿನ ಪುಡಿಯ ಡಬ್ಬಗಳು ಅಂಗಡಿಗಳಿಂದ ನಮ್ಮಲ್ಲಿಗೆ ವಾಪಸ್ ಬರುತ್ತಿದ್ದವು. ಶಾಯಿ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ತಳದ ತಾರೀಕು ಒರೆಸಿ ಹೊಸದನ್ನು ಒತ್ತುವುದು ನನ್ನ ಕೆಲಸ. ಮುಂದಿನ ತಿಂಗಳಿಂದ ತಾರೀಕನ್ನು ತಗಡಿನಲ್ಲೇ ಕೊರೆಯಬೇಕೆಂದು ನಿಮ್ಮ ಇಲಾಖೆ ನಿಯಮ ತಂದಿತ್ತಲ್ಲ, ಅಷ್ಟರಲ್ಲಿ ಹಳೇ ಸರಕು ಸಾಗಹಾಕುವ ಅವಸರ ಧಣಿಗೆ. ಲಾರಿ ಹೊರಡುವ ದಿನವೇ ಡಬ್ಬ ತಯಾರಾದ ದಿನ ಎಂಬುದು ನಮ್ಮಲ್ಲಿ ರೂಢಿ. ನೀವು ಬಂದ ದಿನ, ಲಾರಿ ನಾಡಿದ್ದಿಗಿತ್ತು. ನಾನು ಕಣ್ಣುಮುಚ್ಚಿಕೊಂಡು ನಾಡಿದ್ದಿನ ತಾರೀಕನ್ನೇ ಒತ್ತುತ್ತಾ ಹೋದೆ.

ನೀವು ಬಂದು ಒಂದು ಡಬ್ಬ ತಿರುಗಿಸಿ ನೋಡಿ ನಕ್ಕಿರಿ. "ಏನಮ್ಮಾ, ನಾಡಿದ್ದು ಹುಟ್ಟೋ ಕೂಸನ್ನ ಇವತ್ತೇ ತೊಟ್ಟಿಲಿಗೆ ಹಾಕಿದ್ದೀಯಲ್ಲ?" ನನಗೂ ನಗು ಬಂತು. ಅಷ್ಟರಲ್ಲಿ ಧಣಿ, "ಏಯ್, ಶಟರ್ ಎಳಿಯೇ" ಅಂದ. ಎಳೆದೆ.

ಮೊದಲ ಏಟು ಕಬ್ಬಿಣದ ಸಲಾಕೆಯದು, ಮೊಣಕಾಲಿಗೆ. ಕೆಳಗೆ ಬಿದ್ದ ನಿಮ್ಮ ಹೊಟ್ಟೆಗೆ ಧಣಿಯ ತಮ್ಮ ಒದ್ದ. "ಈ ಪುಡಿ ಕುಡಿದು ಮೂರು ಕೂಸು ಆಸ್ಪತ್ರೇಲಿವೆ ಕಣ್ರೋ" ಎಂದು ನೀವು ಕೂಗಿದಿರಿ. "ಇದೇ ಕೈಯಲ್ಲಿ ತಾನೇ ರಿಪೋರ್ಟ್ ಬರೆಯೋದು?" ಎನ್ನುತ್ತಾ ಧಣಿ ನಿಮ್ಮ ಬಲಗೈಯನ್ನು ನೆಲಕ್ಕೊತ್ತಿ ಹಿಡಿದ, ಅವನ ತಮ್ಮ ಇಪ್ಪತ್ತು ಕಿಲೋ ತೂಕದ ಬಟ್ಟನ್ನು ಅದರ ಮೇಲೆ ಎತ್ತಿ ಹಾಕಿದ. ಎರಡು ಸಲ. ಬೆರಳುಗಳು ಒಣಕಡ್ಡಿಯಂತೆ ಲಟಲಟ ಮುರಿದವು. ರಕ್ತ ಒರೆಸಲು ನನ್ನ ಕೈಗೆ ಅದೇ ಥಿನ್ನರ್ ಬಟ್ಟೆ ಕೊಟ್ಟರು. ಒರೆಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಪೊಲೀಸರ ಮುಂದೆ, "ಸಾಹೇಬ್ರು ಕುಡಿದಿದ್ರು, ಏಣಿಯಿಂದ ಜಾರಿ ಬಿದ್ರು" ಎಂದೆ. ಆ ಮಾತಿಗೇ ನಿಮ್ಮನ್ನು ಅಮಾನತು ಮಾಡಿದರು. ನಾಳೆ ನ್ಯಾಯಾಲಯದಲ್ಲೂ ನಾನು ಅದನ್ನೇ ಒಪ್ಪಿಸಬೇಕಂತೆ.

ಮೊನ್ನೆ ಆ ಮೂರರಲ್ಲಿ ಒಂದು ಕೂಸು ಸತ್ತಿತು. ಅದರ ತಾಯಿ ಬಂದು ಖಾಲಿ ಡಬ್ಬದಿಂದ ನಮ್ಮ ಶಟರನ್ನು ಚಚ್ಚಿದಳು, ಅಂಗೈ ಸೀಳಿ ರಕ್ತ ಸುರಿದರೂ ಬಿಡಲಿಲ್ಲ. "ತಾರೀಕು ನೋಡೇ ತಗೊಂಡಿದ್ದೆ ಕಣ್ರೋ!" ಒಳಗೆ ನಿಂತು ಕೇಳಿಸಿಕೊಂಡೆ, ಆ ತಾರೀಕು ನಾನು ಒತ್ತಿದ್ದು.

ನಿಮ್ಮನ್ನು ಬಡಿದ ಮೇಲೆ ಧಣಿ ಹೂಳಲು ಹೇಳಿದ್ದ ಆ ನಾಡಿದ್ದಿನ ತಾರೀಕಿನ ಡಬ್ಬಗಳಲ್ಲಿ ಒಂದನ್ನು ನಾನು ಬಚ್ಚಿಟ್ಟಿದ್ದೇನೆ. ಇಂದು ಬೆಳಿಗ್ಗೆ ಅವನ ಮುಖಕ್ಕೇ ಹೇಳಿದೆ, ನಾಳೆ ನಿಜ ಹೇಳುತ್ತೇನೆಂದು. ಸಲಾಕೆ ನನ್ನ ದವಡೆಗೆ ಬಿತ್ತು. ಎರಡು ಹಲ್ಲು ಹೋದವು. ನಾಲಿಗೆ ಇನ್ನೂ ಗಟ್ಟಿಯಾಗೇ ಇದೆ ಸಾಹೇಬರೇ, ನಾಳೆ ಹತ್ತು ಗಂಟೆಗೆ ನ್ಯಾಯಾಲಯಕ್ಕೆ ಬರುತ್ತೇನೆ.

ನನ್ನನ್ನು ಕ್ಷಮಿಸಬೇಡಿ. ನಿಮ್ಮ ಕೈ ಮಾತ್ರ ಬೇಗ ಕೂಡಿಕೊಳ್ಳಲಿ.

ಇಂತಿ,
ತಾರೀಕು ಒತ್ತುತ್ತಿದ್ದವಳು