ಕನ್ನಡಕದ ತಾತ

ಚಿಹೊ ಪುಟ್ಟಿ,

ಯಾವ ಮುಖ ಇಟ್ಟುಕೊಂಡು ನಿನ್ನನ್ನು ಎಬ್ಬಿಸಲಿ, ಅದಕ್ಕೇ ಬರೆದಿಟ್ಟಿದ್ದೇನೆ. ನಿನ್ನೆಯ ಕ್ರೀಡಾಕೂಟದ ಡೇರೆ ಬಿಚ್ಚಲು ಹಿಬಾರಿ ಪಾರ್ಕಿಗೆ ಹೊರಟೆ. ಅನ್ನದುಂಡೆ ಮೇಜಿನ ಮೇಲಿದೆ. ಒಳಗೆ ಮೀನಿಟ್ಟಿದ್ದೇನೆ, ನಿನಗಾಗದ ಹುಳಿಹಣ್ಣು ಹಾಕಿಲ್ಲ. ಆಮೆಯ ತೊಟ್ಟಿಯ ನೀರು ಬದಲಿಸು.

ನಿನ್ನೆ ಚೀಟಿ ಎತ್ತಿ ಅದರಲ್ಲಿರುವಂತೆ ಓಡುವ ಪಂದ್ಯದಲ್ಲಿ ನಿನಗೆ ಸಿಕ್ಕ ಚೀಟಿಯಲ್ಲಿ ‘ಕನ್ನಡಕ ಹಾಕಿದ ತಾತನನ್ನು ಕರೆದುಕೊಂಡು ಓಡು’ ಎಂದಿತ್ತು. “ಬಾ ತಾತಾ, ಬೇಗ!” ಎಂದು ಬಂದು ಕೈ ಜಗ್ಗಿದೆ. ಲಕ್ವ ಹೊಡೆದ ಮೇಲೆ ಎಳೆದುಕೊಂಡು ಹಾಕುವ ಈ ಕಾಲನ್ನು ಕೇರಿಯವರೆಲ್ಲ ನೋಡುತ್ತಾರಲ್ಲ ಎಂದು ನಾನು ಗದರಿಬಿಟ್ಟೆ: “ಹೋಗೇ, ಬೇರೆ ಯಾರನ್ನಾದ್ರೂ ಕರ್ಕೊಂಡ್ ಓಡು!” ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಡೇರೆಯಲ್ಲಿ ಕನ್ನಡಕದ ತಾತಂದಿರಿಗೇನು ಬರವಿತ್ತೇ? ಪಕ್ಕದಲ್ಲೇ ಕೂತಿದ್ದ ಮುನಕತ ತಾತ “ನಾನು ಬರ್ಲೇನಮ್ಮಾ?” ಎಂದು ಎದ್ದೂ ನಿಂತರು. ಉಳಿದ ಮಕ್ಕಳೆಲ್ಲ ಗುರಿ ಮುಟ್ಟಿದರೂ ನೀನು ನನ್ನ ಕೈ ಬಿಡದೆ ಅಲ್ಲೇ ನಿಂತೆ.

ಓಟದ ಸುಣ್ಣದ ಗೆರೆ ಇನ್ನೂ ಅಳಿಸಿಲ್ಲವಂತೆ. ತಿಂದಾದ ಮೇಲೆ ಶೂ ಹಾಕಿಕೊಂಡು ಬಾ. ಡೇರೆ ಬಿಚ್ಚಲು ಕೇರಿಯವರೆಲ್ಲ ಬಂದಿರುತ್ತಾರೆ. ಇರಲಿ, ಈ ಕಾಲನ್ನು ನೋಡಿದರೆ ನೋಡಲಿ. ನಾನು ಕನ್ನಡಕ ಹಾಕಿಕೊಂಡೇ ಕಾಯುತ್ತಿರುತ್ತೇನೆ.

ತಾತ