ಸಂತ್ರಾ ಗಿಡಕ್ಕೆ ನೀರು ನಿಲ್ಲಿಸಿದ ತಿಂಗಳು

ನಾಗಪುರ
೨೬ ಡಿಸೆಂಬರ್ ೨೦೨೫

ಪ್ರೀತಿಯ ಚಾರುಲತಾ,

ಅತ್ತೆಯವರ ಬಲ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ. ಬುಧವಾರ ಎಕ್ಸ್-ರೇ ನೋಡಿ ಡಾಕ್ಟರು ಹೇಳಿದರು. ನಾಲ್ಕು ವಾರ ಪ್ಲಾಸ್ಟರ್. ಫೋನಿನಲ್ಲಿ ನಿನಗೆ ಬರೀ ಉಳುಕು ಎಂದಿದ್ದೆ. ಆಗ ನಿನ್ನ ಅವ್ವ ಪಕ್ಕದಲ್ಲೇ ಕೂತಿದ್ದರು, ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ಬೆಳಗಾವಿಯ ನಿನ್ನ ತಾರಸಿಯ ಕುಂಡಗಳಿಗೆ ಚಳಿಗಾಲದಲ್ಲಿ ಏನು ಹಾಕಲಿ ಎಂದು ನೀನು ಕೇಳಿದ್ದೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಅದು ಸುಲಭ. ಮೆಂತ್ಯೆ, ಕೊತ್ತಂಬರಿ, ಮೂಲಂಗಿ ಈಗಲೂ ಬಿತ್ತಬಹುದು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ನೆನೆಸಿ ಹಾಕು. ಸಂಜೆ ನೀರು ಬೇಡ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಸಾಕು. ಇಲ್ಲಿ ಕಳೆದ ವಾರ ಎಂಟು ಡಿಗ್ರಿಗೆ ಇಳಿಯಿತು. ಟೊಮ್ಯಾಟೊ ಸಸಿಗಳಿಗೆ ಸಂಜೆ ಹಳೆಯ ಸೀರೆ ಹೊದಿಸಿ ಬೆಳಿಗ್ಗೆ ತೆಗೆಯುತ್ತೇನೆ. ಶೇವಂತಿಗೆಯ ಬಾಡಿದ ಹೂ ಚಿವುಟುತ್ತಿರು. ಇವೆಲ್ಲ ನಿನ್ನ ಅವ್ವನೇ ನನಗೆ ಕಲಿಸಿದ್ದು.

ಒಂದು ಮಾತ್ರ ಅವರು ಕಲಿಸಿದ್ದಲ್ಲ. ಇಲ್ಲಿಯವರು ಸಂತ್ರಾ ಗಿಡಕ್ಕೆ ಡಿಸೆಂಬರಿನಲ್ಲಿ ನೀರು ಪೂರ್ತಿ ನಿಲ್ಲಿಸುತ್ತಾರೆ. ಎಲೆ ಬಾಡಬೇಕು, ಒಂದಷ್ಟು ಉದುರಬೇಕು. ಸಂಕ್ರಾಂತಿ ಕಳೆದ ಮೇಲೆ ನೀರು ಬಿಟ್ಟರೆ ಗಿಡದ ತುಂಬ ಹೂ. ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿರುವ ಗಿಡಕ್ಕೆ ನಾವು ಆರು ವರ್ಷ ಮರುಕದಿಂದ ನೀರು ಹಾಕಿದೆವು. ಎಲೆ ಬೆಳೆಯಿತು, ಒಂದು ಕಿತ್ತಳೆ ಹಣ್ಣೂ ಕಾಣಲಿಲ್ಲ. ಪಕ್ಕದ ಮನೆಯ ವಾನಖೇಡೆ ಕಾಕು ಅದನ್ನು ನೋಡಿ, "ಗಿಡಾನ ಮುದ್ದು ಮಾಡಿ ಕೆಡಿಸೀರಿ" ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಈ ಸಲ ನಿಲ್ಲಿಸಿದೆ.

ಅತ್ತೆಗೆ ತಡೆಯಲಿಲ್ಲ. "ನಿನಗೂ ತಿಂಗಳಗಟ್ಲೆ ನೀರ ಕೊಡದ ಕುಂಡ್ರಸ್ತೇನಿ ತಡಿ, ನೋಡೂಣು ಎಷ್ಟ ಹೂ ಬಿಡ್ತಿ" ಎಂದರು. ನಾನೂ ನಕ್ಕೆ. ಅದು ಮೊದಲ ದಿನ. ವಿವರಿಸಿ ಹೇಳಿದರೆ "ಹೌದನ? ಚಲೋ ಆತು ಬಿಡು" ಎನ್ನುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಬಕೆಟ್ಟು ಹೊತ್ತು ಗಿಡದ ಕಡೆ. ಇದು ಹಟವಲ್ಲ ಚಾರು, ಮರೆವು. ದೀಪಾವಳಿಯಿಂದ ಹೆಚ್ಚಾಗಿದೆ. ಗ್ಯಾಸ್ ಹಚ್ಚಿ ಮರೆಯುತ್ತಾರೆ. ಒಮ್ಮೊಮ್ಮೆ ನನ್ನನ್ನು ನಿನ್ನ ಹೆಸರಿನಿಂದ ಕರೆಯುತ್ತಾರೆ. ನಿನ್ನ ಅಣ್ಣ ಫ್ಯಾಕ್ಟರಿಯಿಂದ ಬಂದು, "ವಯಸ್ಸಾಗೇತಿ, ಮರೀತಾಳ. ನೀ ಯಾಕ ಇಷ್ಟ ಮನಸಿಗೆ ಹಚ್ಕೊಂತಿ?" ಎನ್ನುತ್ತಾರೆ. ಹಗಲು ಅವರು ಮನೆಯಲ್ಲಿರುವುದಿಲ್ಲ. ನಾನು ಶಾಲೆಗೆ ಹೊರಡುವಾಗ ಅತ್ತೆಯನ್ನು ಕಾಕುಗೆ ಒಪ್ಪಿಸಿ, ಹಿತ್ತಲ ನಲ್ಲಿಯ ಹಿಡಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಹಾಲಿನ ಪಾತ್ರೆಯಲ್ಲಿ ನೀರು ಹೊತ್ತರು.

ಜಾರಿ ಬಿದ್ದರು ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಹಾಗೆ ಬರೆಯಲಾರೆ. ಮಂಗಳವಾರ ನಾನು ಶಾಲೆಯಿಂದ ಬಂದ ಮೇಲೆ, ನಾಲ್ಕನೇ ಸಲ ಅವರು ಬಕೆಟ್ಟು ಹೊತ್ತು ಹೊರಟಾಗ, ನಾನು ಹಿಡಿಕೆ ಹಿಡಿದು ಜಗ್ಗಿದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಜಗ್ಗಿದೆ. ಬಿದ್ದರು.

ಡಾಕ್ಟರು ಹೇಗಾಯಿತು ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ಕಾಲು ಜಾರಿತು ಎಂದರು. ಮರೆತು ಹೇಳಿದರೋ, ನನ್ನನ್ನು ಉಳಿಸಲು ಹೇಳಿದರೋ ಗೊತ್ತಿಲ್ಲ. ಅಂದಿನಿಂದ ಅವರ ಮುಖ ನೋಡುತ್ತಿದ್ದೇನೆ. ತಿಳಿಯುತ್ತಿಲ್ಲ. ಈಗ ಎಡಗೈಯಿಂದ ಊಟ ಮಾಡಲು ಬರುವುದಿಲ್ಲ. ನಾನೇ ತುತ್ತು ಮಾಡಿ ಕೊಡುತ್ತೇನೆ. "ಖಾರ ಕಮ್ಮಿ ಆಗೇತಿ, ಶಾಲಿ ಮಕ್ಕಳಿಗೆ ಮಾಡಿದಂಗ ಮಾಡೀ" ಎಂದು ಬೈಯುತ್ತಲೇ ಉಣ್ಣುತ್ತಾರೆ.

ನಿನ್ನೆ ಸಂತ್ರಾ ಗಿಡಕ್ಕೆ ನಾನೇ ನಾಲ್ಕು ಬಕೆಟ್ಟು ನೀರು ಹಾಕಿದೆ. ಈ ವರ್ಷವೂ ಹೂವಿಲ್ಲ.

ನನಗೆ ಸುಸ್ತಾಗಿದೆ. ಇನ್ನೊಮ್ಮೆ ಹಾಗೆ ಜಗ್ಗಲಾರೆ ಎಂದು ಹೇಳುವಷ್ಟು ನಂಬಿಕೆ ನನ್ನ ಮೇಲೆ ನನಗಿಲ್ಲ. ಅವರನ್ನು ನೀನು ಕರೆದುಕೊಂಡು ಹೋಗು. ನಿನ್ನದು ಎರಡು ಕೋಣೆಯ ಮನೆ, ನಿನಗೂ ಮೊಣಕಾಲು ನೋವು, ಎಲ್ಲ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಪ್ಲಾಸ್ಟರ್ ಜನವರಿ ೨೧ಕ್ಕೆ ಬಿಚ್ಚುತ್ತಾರೆ. ೨೪ಕ್ಕೆ ಇಲ್ಲಿಂದ ಹೊರಟರೆ ೨೫ರ ಮಧ್ಯಾಹ್ನ ಮಿರಜ ಸ್ಟೇಷನ್. ಅಲ್ಲಿಗೆ ಬಂದು ನಿಲ್ಲು.

ನಿನ್ನ ವೈನಿ,
ಹೇಮಲತಾ

ತಾ.ಕ.: ಟಿಕೆಟ್ ನಿನ್ನೆ ಮಾಡಿಸಿದೆ. ಹೋಗಲು ಎರಡು, ಬರಲು ಒಂದು. ನಿನ್ನ ಅಣ್ಣನಿಗೆ ಇದನ್ನೂ ಹೇಳಿಲ್ಲ, ಮಂಗಳವಾರದ್ದನ್ನೂ ಹೇಳಿಲ್ಲ. ಭಾನುವಾರ ಅವರಿಗೆ ರಜೆ. ಬೆಳಗಿನ ಚಹಾ ಆದ ಮೇಲೆ ಎರಡನ್ನೂ ಹೇಳುತ್ತೇನೆ.